ಹಿತ್ತಿಲ ದೀಪಕ್ಕೆ ಮೂರು ಕೊಟೇಶನ್

ಮೂರು ಕೊಟೇಶನ್ ಇಲ್ಲದೆ ಬಸವಂತರಾಯರು ಕಸಬರಿಗೆಯನ್ನೂ ಕೊಂಡವರಲ್ಲ. ಮೂವತ್ತೊಂದು ವರ್ಷ ಸರಕಾರಿ ಗುಮಾಸ್ತಿಕೆ ಮಾಡಿದ ಮೇಲೆ ರಕ್ತದಲ್ಲಿ ಅಂಥದ್ದೇನೋ ಸೇರಿಕೊಳ್ಳುತ್ತದೆ. ಕಣ್ಣಿನ ಪೊರೆ ತೆಗೆಸುವಾಗಲೂ ಮೂವರು ಡಾಕ್ಟರರಿಂದ ಬರೆಸಿಕೊಂಡು, ಮೂರನ್ನೂ ಓದಲಾಗದೆ ಹೆಂಡತಿಯಿಂದ ಓದಿಸಿದ್ದರು.

ನಿವೃತ್ತಿಯ ನಂತರ ಶಹಾಪುರದ ಬಾಡಿಗೆ ಮನೆ ಬಿಟ್ಟು ಸುರಪುರದ ಗುಡ್ಡದ ಬುಡದಲ್ಲಿ ಮನೆ ಕಟ್ಟಿಸಿದರು. ಇರುವುದು ಗಂಡ ಹೆಂಡತಿ ಇಬ್ಬರೇ. ಹಿತ್ತಿಲಿಗೆ ಗೋಡೆಯ ಬದಲು ಆನೆಗಾತ್ರದ ಬಂಡೆಗಳು. ಸಿಮೆಂಟು ಉಳಿಯಿತೆಂದು ರಾಯರಿಗೆ ಖುಷಿ. ಆದರೆ ಹೆಂಡತಿ ಸುಕನ್ಯಾ ಹೊತ್ತು ಮುಳುಗಿದ ಮೇಲೆ ಹಿತ್ತಿಲಿಗೆ ಕಾಲಿಡಲಿಲ್ಲ. ಒಣಹಾಕಿದ ಸೀರೆ ಬೆಳಗಿನ ತನಕ ಹೊರಗೇ.

“ಯಾರೋ ನೋಡಾಕತ್ತಂಗ ಆಗತದ್ರಿ. ಅಮಾಸಿ ಒಳಗ ಲೈಟ್ ಹಾಕಸ್ರಿ. ಇಲ್ಲಂದ್ರ ನಾ ಶಹಾಪುರಕ್ಕ ಹೊಂಟೆ. ನೀವೂ ನಿಮ್ಮ ಕಲ್ಲೂ ಸುಖವಾಗಿರ್ರಿ!”

ರಾಯರು ದೀಪ ಹಾಕಿಕೊಡುವ ಮೂವರಿಗೆ ತಿಳಿಸಿದರು: ಸ್ಥಳ ನೋಡಿ, ಯಾವ ದೀಪ, ಎಲ್ಲಿ, ಯಾಕೆ ಎಂದು ಬರೆದು ಕೊಡತಕ್ಕದ್ದು. ಅವರು ಮೊದಲು ಕೆಲಸ ಮಾಡಿದ ಮನೆಗಳಿಗೂ ಹೋಗಿ, ಮಳೆಗಾಲದಲ್ಲಿ ದೀಪಕ್ಕೆ ನೀರು ಹೊಕ್ಕಿತೇ, ಕೆಟ್ಟಾಗ ಫೋನ್ ಎತ್ತುತ್ತಾರೆಯೇ ಎಂದು ವಿಚಾರಿಸಿದರು. ಒಂದು ಮನೆಯವರು ಇವರನ್ನು ಮೀಟರ್ ಓದುವವರೆಂದು ತಿಳಿದು ಬಾಗಿಲೇ ತೆಗೆಯಲಿಲ್ಲ.

ಮೂವರೂ ಬೇರೆ ಬೇರೆ ದಿನ ಮುಸ್ಸಂಜೆಗೆ ಬಂದರು. ರಾಯರು ಮೊಣಕಾಲು ನೋವೆಂದು ಅಡುಗೆಮನೆಯ ಬಾಗಿಲಲ್ಲೇ ನಿಂತು ಅವರನ್ನಷ್ಟೇ ಹಿತ್ತಿಲಿಗೆ ಕಳಿಸಿದರು. ಮೊಣಕಾಲಿಗೆ ಏನೂ ಆಗಿರಲಿಲ್ಲ.

ಯಾದಗಿರಿಯ ಕಂಪನಿಯ ಕಾಗದ ಮೊದಲು ಬಂತು. ಕೊನೆಯ ಸಾಲು: ‘ಬಂಡೆಯ ಬಳಿ ಕೂರುವ ಅಜ್ಜಿಯ ಕಣ್ಣು ಕುಕ್ಕದಂತೆ ದೀಪಕ್ಕೆ ಮರೆ.’ ಬೇರೆ ಮನೆಯ ಕಾಗದದಿಂದ ನಕಲು ಮಾಡಿದ್ದಾರೆಂದು ರಾಯರು ನಕ್ಕರು. ಕಚೇರಿಯಲ್ಲಿ ತಾವೂ ಹಾಗೆಯೇ ಮಾಡುತ್ತಿದ್ದರು. ಕೆಂಪು ಶಾಯಿಯಲ್ಲಿ ಆ ಸಾಲನ್ನು ಹೊಡೆದುಹಾಕಿದರು.

ಶಹಾಪುರದ ಕಂಪನಿಯ ಕಾಗದ ಬಂತು. ‘ಮುದುಕಮ್ಮ ಕೂರುವಲ್ಲಿ ತೀರಾ ಕತ್ತಲು. ದೊಡ್ಡ ದೀಪ ಅವಶ್ಯ.’

ಕೆಂಪು ಪೆನ್ನು ಮೇಲೇಳಲಿಲ್ಲ.

ಮೂರನೆಯವನು ರಂಗಂಪೇಟೆಯ ಖಾಜಾಹುಸೇನ. ಕಾಗದ ತಾನೇ ತಂದುಕೊಟ್ಟ. ಮೆಟ್ಟಿಲಿಗೊಂದು, ನಳಕ್ಕೊಂದು, ಬಟ್ಟೆ ಒಗೆಯುವ ಕಲ್ಲಿಗೊಂದು, ಬೇವಿನ ಮರಕ್ಕೊಂದು ದೀಪ. ಬಂಡೆಯ ಹತ್ತಿರ ಅಜ್ಜಿಯೂ ಇಲ್ಲ, ದೀಪವೂ ಇಲ್ಲ. ರಾಯರಿಗೆ ಜೀವ ಬಂದಂತಾಯಿತು.

“ಬಂಡೆ ಕಡೆ ಮೂಲಿ ಯಾಕ ಖಾಲಿ ಬಿಟ್ಟಿ ಖಾಜಾ?”

“ಬ್ಯಾಡ ಅಂದ್ರಲ್ರಿ.”

“ಯಾರು?”

“ನಿಮ್ಮವ್ವಾರು. ನೀವು ಬಾಗಲ್ದಾಗೇ ನಿಂತಿದ್ರಿ, ಕೇಳಿರಲಿಕ್ಕಿಲ್ಲ. ‘ಇಲ್ಲೊಂದು ಹಾಕಲೇನ್ರಿ ಅವ್ವಾ’ ಅಂದೆ. ‘ಬ್ಯಾಡಪ್ಪ, ನನಗ ಕಾಣತದ’ ಅಂದ್ರು.”

ರಾಯರ ತಾಯಿ ತೀರಿಹೋಗಿ ಹತ್ತೊಂಬತ್ತು ವರ್ಷವಾಗಿತ್ತು. ಅದೂ ದೇವಾಪುರದಲ್ಲಿ. ಈ ಜಾಗವನ್ನು ಆಕೆ ನೋಡಿಯೂ ಇರಲಿಲ್ಲ.

ಹೆಂಡತಿಗೆ ಹೇಳಿದರೆ ನಾಳೆಯೇ ಶಹಾಪುರದ ಬಸ್ಸು. ರಾಯರು ಬಾಯಿ ಮುಚ್ಚಿಕೊಂಡು ತಮಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದರು: ಮೂರು ಕಾಗದಗಳನ್ನೂ ಪಕ್ಕಪಕ್ಕಕ್ಕಿಟ್ಟು ಷರಾ ಬರೆದರು. ‘ಸಂಬಂಧಪಟ್ಟವರ ಆಕ್ಷೇಪಣೆ ಕೇಳಿದವನು ಖಾಜಾಹುಸೇನ ಒಬ್ಬನೇ. ಆತನಿಗೇ ಕೆಲಸ ಕೊಡಬಹುದು.’ ಸಹಿ ಹಾಕಿ ತಾರೀಖನ್ನೂ ಬರೆದರು.

ಅಮಾವಾಸ್ಯೆಗೆ ಎರಡು ದಿನ ಮೊದಲು ದೀಪ ಹೊತ್ತಿದವು. ಹಳದಿ, ತಂಪು ಬೆಳಕು. ಬಂಡೆಯ ಬುಡದಲ್ಲಿ ಮಾತ್ರ ಒಬ್ಬರು ಕೂರುವಷ್ಟು ಕತ್ತಲು ಉಳಿದಿತ್ತು.

“ಛಂದ ಆತ್ರಿ,” ಎಂದು ಸುಕನ್ಯಾ ಮೆಟ್ಟಿಲಿಳಿದೇಬಿಟ್ಟಳು. ಸೀರೆ ತೆಗೆದುಕೊಂಡು ಬರಲು ಅರ್ಧ ತಾಸು ಹಿಡಿಯಿತು. ಶಹಾಪುರದ ಮಾತನ್ನು ಆಕೆ ಮತ್ತೆ ಎತ್ತಲಿಲ್ಲ.

ಅಮಾವಾಸ್ಯೆಯ ಸಂಜೆ ಆಕೆ ಎರಡು ಕಪ್ ಚಹಾ ಹಿಡಿದು ಬಂದಳು. ರಾಯರು ಕೈ ಚಾಚಿದರು. ಆಕೆ ಅವರನ್ನು ದಾಟಿ ಹಿತ್ತಿಲಿಗೆ ನಡೆದಳು.

“ನನ್ನ ಚಾ?”

“ನಿಮಗ ಆಮ್ಯಾಲ ಮಾಡತೀನಿ, ತಡೀರಿ.” ಮೆಟ್ಟಿಲ ಮೇಲೆ ಆಕೆ ತಿರುಗಿ ನಿಂತಳು. ಮುಖದಲ್ಲಿ ನಿಜವಾದ ಸಿಟ್ಟಿತ್ತು. “ಮನ್ಯಾಗ ಹಿರೇರು ಅದಾರಂತ ನನಗ ಒಂದ್ ಮಾತು ಹೇಳಬಾರದಿತ್ತೇನ್ರಿ?”