ಇನ್ಸ್‌ಪೆಕ್ಟರಿನ ಪಾಲು

ವಾಮದಪದವಿನಲ್ಲಿ ಮೀನು ಮಾರುವ ಇಸುಬಾಕ, ಬೋಣಿಗೆ ಮೊದಲು ತನ್ನ ಬೆಕ್ಕುಗಳಿಗೆ ತಲಾ ಒಂದು ಬೂತಾಯಿ ಮೀನು ಹಾಕದ ದಿನವಿಲ್ಲ. ಮೀನಿಗೆಂದು ಬಂದ ನಾವು ಅವಸರ ಮಾಡಿದರೆ, "ನಿಲ್ಲಿ ಅಕ್ಕ, ಮೊದಲು ಮನೆಯವರದ್ದು ಆಗಲಿ," ಎನ್ನುತ್ತಾರೆ. ನಸುಕಿನಲ್ಲೇ ದೋಣಿಗಳು ಬಂದು ನಿಲ್ಲುವ ಮಂಗಳೂರಿನ ದಕ್ಕೆಯಿಂದ ಮೀನು ತಂದ ಆಯಾಸಕ್ಕೆ ತೂಗುವಾಗಲೇ ತೂಕಡಿಸುತ್ತಾರೆ. ನಮ್ಮ ಹೆಸರುಗಳೆಲ್ಲ ಅವರ ಬಾಯಲ್ಲಿ ಅದಲುಬದಲು. ಬೆಕ್ಕುಗಳ ಹೆಸರು ಮಾತ್ರ ತಪ್ಪುವುದಿಲ್ಲ. ಕಣ್ಣಿನ ಸುತ್ತ ಕಪ್ಪು ಬಳೆ ಇರುವುದು ಮಾಸ್ಟ್ರು, ಬಾಯಿಯ ಸುತ್ತ ಕೆಂಪಿರುವುದು ಎಲೆಯಡಿಕೆ, ಬಿಳಿ ಮುಖದಲ್ಲಿ ಮೂಗಿನ ಕೆಳಗೆ ಕಪ್ಪು ಮೀಸೆ ಇರುವುದು ಇನ್ಸ್‌ಪೆಕ್ಟರು. "ನಿಮ್ಮ ಇನ್ಸ್‌ಪೆಕ್ಟರು ಮತ್ತೆ ಮರಿ ಹಾಕಿತಲ್ಲ ಮಾರಾಯ್ರೆ!" ಎಂದು ನಕ್ಕರೆ, "ಹೆಂಗಸರು ಇನ್ಸ್‌ಪೆಕ್ಟರು ಆಗಬಾರದಾ?" ಎಂದು ನಮ್ಮನ್ನೇ ಗದರುತ್ತಾರೆ. ಆ ಬೆಕ್ಕು ಕಾಣೆಯಾಗಿ ತಿಂಗಳಾಯಿತು. ಅದರ ಪಾಲಿನ ಮೀನು ಇನ್ನೂ ದಿನಾ ತೇಗದ ಎಲೆಯ ಮೇಲೆ ಒಣಗುತ್ತಿರುತ್ತದೆ. ಮಾಸ್ಟ್ರು ಹತ್ತಿರ ಬಂದರೆ ಇಸುಬಾಕ ನಿದ್ದೆಗಣ್ಣಿನಲ್ಲೇ ಕೈಬೀಸಿ ಅಟ್ಟುತ್ತಾರೆ. ನಿನ್ನೆ ನಮ್ಮ ಪಕ್ಕದ ಮನೆಯ ಶಶಿಪ್ರಭಾ, "ನಮ್ಮಲ್ಲಿ ಒಂದು ಮರಿ ಉಂಟು ಇಸುಬಾಕ, ಅಂಥದ್ದೇ ಮೀಸೆ. ನಾಳೆ ತಂದು ಕೊಡ್ತೇನೆ," ಎಂದರು. ಇಸುಬಾಕ ಕತ್ತಿ ಕೆಳಗಿಟ್ಟು, ತೇಗದ ಎಲೆಯ ಮೇಲಿನ ನೊಣ ಓಡಿಸಿದರು. "ಬೇಡ ಅಕ್ಕ. ಅದು ತಿರುಗಿ ಬಂದಾಗ ಅದರ ಜಾಗದಲ್ಲಿ ಬೇರೆಯವರು ಕೂತಿದ್ದರೆ, ನಾನು ಏನು ಹೇಳುವುದು?"