ಹಳೇ ರೇಸು, ಹೊಸ ಜಗಳ

ಕಳೆದ ಶುಕ್ರವಾರ ಮಧ್ಯಾಹ್ನ ಇಲ್ಲಿ ಗಲ್ಫಿನ ಅಲ್ ಅಮೇರಾತಿನಲ್ಲಿರುವ ವಿನ್ಸೆಂಟ್ ಮನೆಯಲ್ಲಿ ನನಗೂ ಪ್ರಭಾಕರನಿಗೂ ಜೋರು ಜಗಳ. ಟಿ.ವಿ.ಯಲ್ಲಿ ಸ್ಟಾಕ್ ಕಾರ್ ರೇಸ್. ಕೆಂಪು ಕಾರು ಗೆಲ್ಲುತ್ತದೆ ಅಂತ ನಾನು, ಹಳದಿ ಅಂತ ಅವನು. ಸಣ್ಣ ಎಂಬ ಮಂಗಳೂರು ಕಡೆಯ ಇಡ್ಲಿ ಬಡಿಸುತ್ತಿದ್ದ ವಿನ್ಸೆಂಟ್ ಹೆಂಡತಿ ಲವೀನಾ ತಣ್ಣಗೆ ಹೇಳಿದರು.

"ಹಳದಿಯೇ ಗೆಲ್ಲುವುದು. ಇದು ಹೋದ ವರ್ಷದ ರೇಸಲ್ಲವಾ?"

ವಿನ್ಸೆಂಟ್ ತಟ್ಟೆ ನೋಡತೊಡಗಿದ.

(ಗೊತ್ತಿಲ್ಲದವರಿಗೆ: ನೋಡಲು ನಮ್ಮ ನಿಮ್ಮ ಕಾರಿನಂತೆಯೇ ಇರುವ ಕಾರುಗಳು ಗಂಟೆಗಟ್ಟಲೆ ಎಡಕ್ಕೇ ತಿರುಗುವ ಅಮೆರಿಕದ ಆಟ ಇದು. ನಗಬೇಡಿ.)

ನಾವು ಮೂವರೂ ಖುರುಮ್‌ನ ಒಂದೇ ಆಫೀಸಿನಲ್ಲಿದ್ದಾಗ ಅಮೆರಿಕನ್ ಮ್ಯಾನೇಜರ್ ಒಬ್ಬ ಈ ಹುಚ್ಚು ಹಿಡಿಸಿದ. ಅವನು ಊರಿಗೆ ಹೋದ, ಹುಚ್ಚು ಇಲ್ಲೇ ಉಳಿಯಿತು. ಪ್ರಭಾಕರನಿಗೆ ನಿಜ್ವಾಕ್ಕೆ ಟ್ರಾನ್ಸ್‌ಫರ್ ಆದರೂ ಪ್ರತಿ ಶುಕ್ರವಾರ ಕಾರು ಓಡಿಸಿಕೊಂಡು ಬರುತ್ತಿದ್ದ. ನಮ್ಮದು ಅಂಥಾ ಭಕ್ತಿ!

ವಿನ್ಸೆಂಟ್ ಒಪ್ಪಿಕೊಂಡ. ಸಬ್‌ಸ್ಕ್ರಿಪ್ಷನ್ ಬಿಟ್ಟು ಎರಡು ತಿಂಗಳಾಗಿತ್ತಂತೆ. ಹೇಳಲು ನಾಚಿಕೆಯಾಗಿ ಹಳೇ ರೆಕಾರ್ಡಿಂಗ್ ಹಾಕುತ್ತಿದ್ದನಂತೆ. ಮೊದಲ ವಾರ ಸಿಕ್ಕಿಬೀಳುವ ಭಯ. ಆಮೇಲೆ, ಇವರು ಗುರುತೇ ಹಿಡಿಯಲಿಲ್ಲವಲ್ಲ ಅಂತ ಬೇಸರ.

ಗುರುತು ಹಿಡಿಯುವುದು ಹೇಗೆ ಸ್ವಾಮಿ? ಕಾರೆಲ್ಲ ಒಂದೇ ಅಚ್ಚು. ಡ್ರೈವರುಗಳೆಲ್ಲ ಟೂತ್‌ಪೇಸ್ಟ್ ಜಾಹೀರಾತಿನ ಹುಡುಗರು. ವರ್ಷಕ್ಕೊಂದು ರೂಲ್. ಪಾಯಿಂಟ್ಸ್ ಲೆಕ್ಕ ಹಾಕಲು ಚಾರ್ಟರ್ಡ್ ಅಕೌಂಟೆಂಟ್ ಬೇಕು. ಹಿಂದೆ ರೇಸ್ ಮುಗಿದ ಮೇಲೆ ಡ್ರೈವರುಗಳು ಕೈ ಕೈ ಮಿಲಾಯಿಸುತ್ತಿದ್ದರು, ಈಗ ಸ್ಪಾನ್ಸರ್‌ಗೆ ಥ್ಯಾಂಕ್ಸ್ ಹೇಳುತ್ತಾರೆ. ಖಲಾಸ್. ನಾನಂತೂ ಮೂರು ವರ್ಷದಿಂದ ಕಣ್ಣು ಮಾತ್ರ ಟಿ.ವಿ. ಕಡೆ ಇಟ್ಟು ಕೂತಿದ್ದೆ. ವಿನ್ಸೆಂಟ್‌ಗೆ ಬೇಜಾರಾಗಬಾರದು ಅಂತ.

ಪ್ರಭಾಕರನ ಮುಖ ಮಾತ್ರ ಕಪ್ಪಿಟ್ಟಿತು. ಅಷ್ಟು ದೂರದಿಂದ, ಆ ಬಿಸಿಲಲ್ಲಿ ಬಂದವನು. ಎದ್ದು ಹೋಗಿಬಿಡುತ್ತಾನೆ, ಇನ್ನು ಬರುವುದೇ ಇಲ್ಲ ಅಂತ ನನಗೆ ನಿಜಕ್ಕೂ ಹೆದರಿಕೆಯಾಯಿತು. ಆದರೆ ಅವನು, ತನಗೂ ಈ ರೇಸು ಯಾವತ್ತೋ ಸಾಕಾಗಿತ್ತು ಅಂದ.

ಹಾಗಾದರೆ ಬರುತ್ತಿದ್ದದ್ದು ಯಾಕೆ? ಲವೀನಾರ ಕೋಳಿ ಸುಕ್ಕಕ್ಕಂತೂ ಅಲ್ಲ. ಮನುಷ್ಯ ಮೈಸೂರಿನ ಶುದ್ಧ ಸಸ್ಯಾಹಾರಿ.

"ಹೆಂಡತಿ ಮಕ್ಕಳು ಮೈಸೂರಲ್ಲಿ. ಆಫೀಸಲ್ಲಿ ಇಂಗ್ಲಿಷು, ಅಂಗಡೀಲಿ ಹಿಂದಿ. ನಿಜ್ವಾದಲ್ಲಿ ನನ್ನ ಜೊತೆ ಕನ್ನಡದಲ್ಲಿ ಜಗಳ ಆಡೋರು ಯಾರಿದಾರೆ ಹೇಳು?"

ಹಳದಿ ಕಾರು ಗೆದ್ದಿತು. ಯಾರೂ ನೋಡಲಿಲ್ಲ.

ವಿನ್ಸೆಂಟ್ ಟಿ.ವಿ. ಆಫ್ ಮಾಡಿದ. ಲವೀನಾ ಪ್ರಭಾಕರನ ತಟ್ಟೆಗೆ ಇನ್ನೊಂದು ಸಣ್ಣ ಹಾಕಿ, ಬರುವ ವಾರ ರೇಸೂ ಇಲ್ಲ ಎಂಥದೂ ಇಲ್ಲ, ಸುಮ್ಮನೆ ಬಂದು ಊಟ ಮಾಡಿ ಅಂದರು. ಸಂಜೆವರೆಗೆ ಕೂತೆವು. ಮಕ್ಕಳ ಓದು, ಮೊಣಕಾಲು ನೋವು, ಸತ್ತ ಗೆಳೆಯರು. ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ಪ್ರಭಾಕರನ ಮಗಳ ಹೆಸರು ಗೊತ್ತಾಯಿತು.

ಈ ಶುಕ್ರವಾರವೂ ಹೋಗುತ್ತೇನೆ. ಸಮಸ್ಯೆ ಒಂದೇ: ಏನು ನೋಡಲು ಹೋಗುತ್ತೀರಿ ಅಂತ ಹೆಂಡತಿ ಕೇಳಿದರೆ ಏನು ಹೇಳಲಿ?