ಕೆಳಗಿನ ಕೈ

ಮನೆ ಸಾಮಾನು ಸಾಗಿಸುವವರಲ್ಲಿ ಒಂದು ಕಟ್ಟಳೆಯುಂಟು. ಮೆಟ್ಟಿಲ ಮೇಲೆ ಬೀರು ಇಳಿಸುವಾಗ ಕೆಳಗೆ ನಿಂತವನು ಮಾತ್ರ ಬಾಯಿ ಬಿಡಬೇಕು. ಮೇಲಿನವನಿಗೆ ಕಾಣುವುದು ಬೀರುವಿನ ಬೆನ್ನೊಂದೇ. ಕೆಳಗಿನವನು ‘ಬಾ’ ಎಂದರೆ ಒಂದು ಮೆಟ್ಟಿಲು ಇಳಿಯಬೇಕು, ‘ತಡಿ’ ಎಂದರೆ ಕಾಲಡಿ ಬೆಂಕಿ ಬಿದ್ದರೂ ನಿಲ್ಲಬೇಕು. ಭಾರವೆಲ್ಲ ಕೆಳಗಿನ ಕೈಗೇ ಬೀಳುವುದರಿಂದ ಆ ಜಾಗ ಗಟ್ಟಿಗನದು. ಹದಿನೆಂಟು ವರ್ಷ ಅದು ಕಂಬಣ್ಣನದಾಗಿತ್ತು. ಹೆತ್ತವರಿಟ್ಟ ಹೆಸರು ಬೇರೆ; ಬೀರು ಹೊತ್ತು ಅಲುಗದೆ ನಿಲ್ಲುತ್ತಾನೆಂದು ಜೊತೆಗಾರರು ಇಟ್ಟದ್ದು ಇದು. ಮೇಲಿನ ಕೈ ಅವನ ಹೆಂಡತಿಯ ತಮ್ಮನದು.

ಹೋದ ವರ್ಷ ಕಂಬಣ್ಣನಿಗೆ ಹರ್ನಿಯಾ ಆಪರೇಷನ್ ಆಯಿತು. ಡಾಕ್ಟರು ಆರು ತಿಂಗಳು ಭಾರ ಎತ್ತಬೇಡ ಎಂದರು. ಹೆಂಡತಿ ಅದನ್ನು ಹದಿನಾಲ್ಕು ಮಾಡಿದಳು. ಅಷ್ಟರಲ್ಲಿ ಭಾವಮೈದ ಕೆಳಗಿನ ಕೈಯಾಗಿದ್ದ. ಕಂಬಣ್ಣ ಮರಳಿ ಬಂದಾಗ ಯಜಮಾನರು ಸುತ್ತು ಬಳಸದೆ ಹೇಳಿದರು, “ತಿಂಗಳ ಕೊನೆಗೆ ನನ್ನೆದುರು ಒಂದು ಬೀರು ಇಳಿಸಿ ತೋರ್ಸು. ಆಗ್ಲಿಲ್ವಾ, ಕೂತ್ಕೊಂಡು ಕಪ್ಪುಬಸಿಗೆ ಪೇಪರ್ ಸುತ್ತು.”

ಅವನು ಹಳೆಯ ಜಿಮ್ಮಿನ ನೆಲಮಾಳಿಗೆಗೆ ಇಳಿದ. ಅದೇ ತುಕ್ಕಿನ ವಾಸನೆ, ಮೂಲೆಯೊಡೆದ ಅದೇ ಕನ್ನಡಿ. ಹಳೆಯ ಮೇಷ್ಟ್ರು ಮಾತ್ರ ಇರಲಿಲ್ಲ. ಈಗ ಅವರ ಮಗಳೇ ಕೋಚು. ಅವಳು ಸ್ಟ್ಯಾಂಡಿನ ಮೇಲಿದ್ದ ಕಬ್ಬಿಣದ ಸರಳನ್ನು ತೋರಿಸಿದಳು.

“ಬರೀ ಸರಳಾ?”

“ಬರೀ ಸರಳೇ. ಎರಡು ವಾರ.”

“ನೂರನಲವತ್ತು ಕೆಜಿ ಹೆಗಲ ಮೇಲಿಟ್ಟು ಕೂತು ಎದ್ದವನಮ್ಮಾ ನಾನು.”

“ಗೊತ್ತು ಮಾಮ, ಅಪ್ಪ ಇವತ್ತಿಗೂ ಹೇಳ್ತಾರೆ. ಆ ಕಾಲು ಮನೇಲಿ ಬಿಟ್ಟು ಬಂದಿದೀರಿ. ಇವತ್ತು ತಂದಿರೋ ಕಾಲಿಗೆ ಇಷ್ಟು ಸಾಕು.”

ಬರೀ ಸರಳು ತಾನೇ ಎಂದು ಮೂವತ್ತು ಸಲ ಕೂತು ಎದ್ದ. ಮರುದಿನ ಕುರ್ಚಿಯಿಂದ ಏಳಲು ಹೆಂಡತಿಯೇ ಕೈ ಕೊಡಬೇಕಾಯಿತು.

“ಏನ್ರೀ, ಕಂಬಕ್ಕೆ ಗೆದ್ದಲು ಹಿಡೀತಾ?” ಎಂದು ಅವಳು ನಕ್ಕಳು. ಅವನೂ ನಕ್ಕ. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೆ ನಗು ಉಳಿಯಲಿಲ್ಲ.

ವಾರಕ್ಕೆ ಐದು ಕೆಜಿ ಏರಿಸೋಣ ಎಂದಿದ್ದಳು ಕೋಚು. ಆ ಲೆಕ್ಕದಲ್ಲಿ ತಿಂಗಳ ಕೊನೆಗೆ ಒಂದು ಮೇಜೂ ಇಳಿಯುವಂತಿರಲಿಲ್ಲ. ಅವಳು ಬೇರೆಯವರತ್ತ ತಿರುಗಿದಾಗಲೆಲ್ಲ ಕಂಬಣ್ಣ ಕಳ್ಳಬೆಕ್ಕಿನ ಹಾಗೆ ಸರಳಿಗೆ ತೂಕದ ಪ್ಲೇಟು ಸೇರಿಸತೊಡಗಿದ. ಮೂರನೆಯ ವಾರ ಎಂಬತ್ತು ಕೆಜಿ ಹೊತ್ತು, ಕಣ್ಣು ಕತ್ತಲಿಟ್ಟರೂ, ಒಂದು ಸಲ ಎದ್ದ. ಆ ಒಂದು ಸಲವನ್ನೇ ಹಳೆಯ ಬಲ ಬಂತೆಂದುಕೊಂಡು ಮನೆಗೆ ಹೋದ.

ಯಜಮಾನರು ಆರಿಸಿದ್ದು ಮೂರನೆಯ ಮಹಡಿಯ ಬೀರು, ತೇಗದ್ದು. ಅವರು ಕೆಳಗೆ ಲಾರಿಗೆ ಒರಗಿ ನಿಂತರು.

“ಭಾವ, ಇವತ್ತೊಂದಿನ ನಾನೇ ಕೆಳಗಿರ್ತೀನಿ,” ಎಂದ ಭಾವಮೈದ ಮೆಲ್ಲಗೆ.

“ಯಾಕೋ, ನಿಮ್ಮಕ್ಕ ಪಾಠ ಹೇಳಿ ಕಳಿಸಿದ್ಲಾ? ಸುಮ್ನೆ ಮೇಲೆ ಹೋಗು.”

ಮೂರನೆಯ ಮಹಡಿಯಿಂದ ಎರಡನೆಯದಕ್ಕೆ ಬೆಣ್ಣೆಯಂತೆ ಇಳಿಯಿತು. ಎರಡನೆಯದರ ತಿರುವಿಗೆ ಬರುವಷ್ಟರಲ್ಲಿ ತೊಡೆಯೊಳಗೆ ಸಣ್ಣ ನಡುಕ ಹುಟ್ಟಿತು. ‘ತಡಿ’ ಎನ್ನಬೇಕಿತ್ತು. ಹಾಗೆಂದಿದ್ದರೆ ಆ ಕಿರಿದಾದ ಮೆಟ್ಟಿಲ ಗೂಡಿನಲ್ಲಿ ದನಿ ನೇರ ಯಜಮಾನರ ಕಿವಿಗೆ ಬೀಳುತ್ತಿತ್ತು. ಮೆಟ್ಟಿಲಿಗೆ ಯಾರಾದರೂ ಅಡ್ಡ ಬಂದಾಗಲ್ಲದೆ, ತನ್ನ ಕೈಲಾಗದೆಂದು ಅವನು ಆ ಮಾತು ಆಡಿದವನೇ ಅಲ್ಲ.

“ಬಾ,” ಎಂದ. ಭಾವಮೈದ ಇಳಿದ.

“ಬಾ.” ಬೆವರು ಕಣ್ಣಿಗಿಳಿಯಿತು.

“ಬಾ,” ಎನ್ನುವಾಗ ಎಡಮಂಡಿ ಮಡಚಿತು.

ಬೀರು ಪಕ್ಕಕ್ಕೆ ವಾಲಿತು. ಭಾವಮೈದ ಕೈಬಿಟ್ಟು ಹಿಂದೆ ಸರಿಯಬಹುದಿತ್ತು. ಬಿಟ್ಟಿದ್ದರೆ ಅದು ಭಾವನ ಎದೆಗೇ ಬರುತ್ತಿತ್ತು. ಅವನು ಬಿಡಲಿಲ್ಲ. ಕಂಬಣ್ಣ ಗೋಡೆಗೆ ಆತು ಹೇಗೋ ತಡೆದ. ಆದರೆ ಬೀರುವಿಗೂ ಕಬ್ಬಿಣದ ಕಟಕಟೆಗೂ ನಡುವೆ ಭಾವಮೈದನ ಬಲಗೈ ಸಿಕ್ಕಿತ್ತು.

ಎರಡು ಬೆರಳು ಮುರಿದಿದ್ದವು. ಆಸ್ಪತ್ರೆಯ ಬೆಂಚಿನ ಮೇಲೆ ಯಜಮಾನರು ಏನಾಯಿತೆಂದು ಕೇಳಿದಾಗ, ಕಂಬಣ್ಣ ಬಾಯಿ ತೆರೆಯುವ ಮೊದಲೇ ಭಾವಮೈದ ಹೇಳಿಬಿಟ್ಟ, “ತಪ್ಪು ನಂದು. ಭಾವ ತಡಿ ಅಂದ್ರು. ನಾನೇ ಕೇಳಿಸ್ಕೊಳ್ದೆ ಇಳಿದೆ.”

ಯಜಮಾನರ ಮುಖ ಬಿಗಿಯಿತು. ಕೆಳಗಿನವನ ಮಾತು ಮೀರಿದವನ ಜೊತೆ ಯಾರೂ ಬೀರು ಹಿಡಿಯುವುದಿಲ್ಲ. ಬೆರಳು ಕೂಡಿಕೊಂಡರೂ ಆ ಹೆಸರು ಹೋಗುವುದಿಲ್ಲ. ಇದು ಮೂವರಿಗೂ ಗೊತ್ತಿತ್ತು.

“ಹೌದೇನೋ?” ಎಂದರು ಕಂಬಣ್ಣನ ಕಡೆ ತಿರುಗಿ.

ಹೌದು ಎಂದರೆ ಜಾಗ ಉಳಿಯುತ್ತಿತ್ತು. ನರ್ಸು ಬಂದು ಯಾರದೋ ಹೆಸರು ಕರೆದು ಹೋದಳು.

“ಇಲ್ಲ,” ಎಂದ ಕಂಬಣ್ಣ ಕೊನೆಗೆ. “ತಡಿ ಅನ್ಲಿಲ್ಲ ನಾನು. ಕಾಲು ಸೋತಿದ್ದು ಗೊತ್ತಿತ್ತು. ಬಾ ಅಂದೆ. ಮೂರು ಸಲ ಅಂದೆ.”

ಯಜಮಾನರು ಎದ್ದರು. “ಸೋಮವಾರ ಪ್ಯಾಕಿಂಗಿಗೆ ಬಾ,” ಎಂದಷ್ಟೇ ಹೇಳಿ ಹೋದರು.

“ಯಾಕೆ ಹೇಳಿದ್ರಿ ಭಾವ?” ಭಾವಮೈದನ ದನಿಯಲ್ಲಿ ಸಿಟ್ಟಿತ್ತು. “ಬೆರಳಂತೂ ಹೋಯ್ತು. ನಿಮ್ಮ ಜಾಗ ಆದ್ರೂ ಉಳೀಲಿ ಅಂತ ಹೇಳಿದ್ದೆ.”

ಕಂಬಣ್ಣ ಅವನ ಪಟ್ಟಿ ಸುತ್ತಿದ ಕೈಯನ್ನು ಜೋಪಾನವಾಗಿ ಅಂಗಿಯ ತೋಳಿಗೆ ತೂರಿಸಿ, ಗುಂಡಿ ಹಾಕಿಕೊಡತೊಡಗಿದ. ಮೂರನೆಯ ಗುಂಡಿ ಎರಡು ಸಲ ಜಾರಿತು. ಇಷ್ಟು ಹೊತ್ತಿಗೆ ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ನಿಂತಿರುತ್ತಾಳೆ. ಕಾಲು ಸೋತರೂ ‘ಬಾ’ ಎಂದದ್ದನ್ನು ಅವಳೆದುರು ಇನ್ನೊಮ್ಮೆ ಹೇಳಬೇಕು.